ವರೀದ್ ಸಾರ್ ಸಲಹೆ ಕೊಟ್ಟ ಸಿನಿಮಾ

ತ್ರೇಸ್ಯ: ಕೊಲೆ ಮಾಡಿದ್ದು ಆ ಡಾಕ್ಟ್ರು. ಇನ್ನೇನಿದೆ ನೋಡಕ್ಕೆ? ನಡೀರಿ ಮನೆಗೆ.

ನಾನು: ಮೆಲ್ಲಗೆ ಮಾತಾಡೇ. ಈಗಿನ್ನೂ ಇಂಟರ್‌ವಲ್ಲು. ಇನ್ನೂ ಎರಡು ಕೊಲೆ ಬಾಕಿ ಇದೆ.

ತ್ರೇಸ್ಯ: ಅವೂ ಅವನೇ ಮಾಡ್ತಾನೆ.

ನಾನು: ಅದ್ಹೇಗೆ ಹೇಳ್ತೀಯ? ಡಾಕ್ಟರ ಮೇಲೆ ಒಂದು ಸಾಕ್ಷಿ ಇಲ್ಲ, ಒಂದು ಸುಳಿವಿಲ್ಲ.

ತ್ರೇಸ್ಯ: ಅಲ್ಲ ಮನುಷ್ಯಾ, ಅಷ್ಟು ದೊಡ್ಡ ನಟನ್ನ ಕರೆಸಿ 'ಜ್ವರ ಎಷ್ಟು ದಿನದಿಂದ' ಅಂತ ಒಂದೇ ಒಂದು ಮಾತು ಆಡ್ಸಿದಾರೆ. ಅವನೇನು ಬರೀ ಜ್ವರ ನೋಡಕ್ಕೆ ಬಂದಿರ್ತಾನಾ?

ಮೂವತ್ತೊಂದು ವರ್ಷ ಪೊಲೀಸಿನಲ್ಲಿದ್ದು ಸಬ್ ಇನ್ಸ್‌ಪೆಕ್ಟರಾಗಿ ನಿವೃತ್ತನಾದವನು ನಾನು. ಇಷ್ಟು ಸುಲಭವಾಗಿ ಯಾವ ಅಪರಾಧಿಯೂ ನನ್ನ ಕೈಗೆ ಸಿಕ್ಕಿರಲಿಲ್ಲ. ಇರಿಂಞಾಲಕುಡದ ಆ ಥಿಯೇಟರಿನಲ್ಲಿ ನಾನು ಬರೀ ಪ್ರೇಕ್ಷಕನಾಗಿ ಕೂತಿರಲಿಲ್ಲ, ಚಿತ್ರದ 'ಪೊಲೀಸ್ ಸಲಹೆಗಾರ'ನಾಗಿ ಕೂತಿದ್ದೆ. ಹನ್ನೊಂದು ದಿನ ಸೆಟ್ಟಿನಲ್ಲಿ ಕುರ್ಚಿ ಹಾಕಿಸಿಕೊಂಡು, ಬೆಲ್ಟನ್ನು ಹೊಟ್ಟೆಯ ಮೇಲೆ ಕಟ್ಟಬೇಕೋ ಕೆಳಗೋ ಎಂಬ ವಿಷಯದಲ್ಲಿ ನಿರ್ದೇಶಕನಿಗೆ ಮಾರ್ಗದರ್ಶನ ಮಾಡಿದ್ದೆ. ಕೃತಜ್ಞತೆಯ ಪಟ್ಟಿಯಲ್ಲಿ ನನ್ನ ಹೆಸರು ಅಡುಗೆಯವರಿಗೂ ಒಂದು ಆನೆಗೂ ನಡುವೆ ಬಂದು ಹೋಯಿತು. ನಾನು ಹೆಂಡತಿ ತ್ರೇಸ್ಯಾಳ ಮೊಣಕೈ ತಿವಿಯುವಷ್ಟರಲ್ಲಿ ಪರದೆಯ ಮೇಲೆ ಆನೆಯ ಹೆಸರಿತ್ತು.

ತ್ರೇಸ್ಯಾಳ ಆಚೆ ಬದಿಯಲ್ಲಿ ಲೋನಪ್ಪನ್ ಚೇಟ ಕೂತಿದ್ದರು. ನನಗಿಂತ ನಾಲ್ಕು ವರ್ಷ ದೊಡ್ಡವರು, ಅದಕ್ಕೇ ಚೇಟ, ಅಂದರೆ ಅಣ್ಣ. ನಮ್ಮ ಚರ್ಚಿನಲ್ಲಿ ಗಂಟೆ ಹೊಡೆದು ದೀಪ ಹಚ್ಚುವ ಕಪ್ಯಾರ್ ಕೆಲಸವನ್ನು ನಲವತ್ತು ವರ್ಷ ಮಾಡಿದವರು. ಅವರನ್ನು ಕರೆತಂದವಳು ತ್ರೇಸ್ಯ. ನಾನಾಗಿದ್ದರೆ ಕರೆಯುತ್ತಿರಲಿಲ್ಲ. ಈ ಸಿನಿಮಾದ ಕಥೆಯ ಬೇರು ನಾನು ನಡೆಸಿದ ಒಂದು ತನಿಖೆಯಲ್ಲಿತ್ತು. ಇಪ್ಪತ್ತಾರು ವರ್ಷದ ಹಿಂದೆ ಚರ್ಚಿನ ಬೆಳ್ಳಿ ಶಿಲುಬೆ ಕಾಣೆಯಾದಾಗ ನಾನು ಹಿಡಿದು ತಂದದ್ದು ಇದೇ ಲೋನಪ್ಪನ್ ಚೇಟನನ್ನು. ಎರಡು ದಿನ ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಿದ್ದೆ. ಮೂರನೆಯ ದಿನ ಪಾದ್ರಿಗಳು ತ್ರಿಶೂರಿನಿಂದ ಬಸ್ಸಿನಲ್ಲಿ ಬಂದಿಳಿದರು, ಕಂಕುಳಲ್ಲಿ ಪಾಲಿಶ್ ಮಾಡಿಸಿದ ಶಿಲುಬೆ.

ನಿರ್ದೇಶಕನಿಗೆ ನಾನು ಈ ಕೊನೆಯ ಭಾಗವನ್ನು ಹೇಳಿರಲಿಲ್ಲ. ಅವನು ತನ್ನ ಕಡೆಯಿಂದ ಮೂರು ಕೊಲೆ ಸೇರಿಸಿಕೊಂಡಿದ್ದ.

ತ್ರೇಸ್ಯ: ಆ ಪಳಂಪೊರಿ ಸೀನಿಗೆ ನೀವೂ ಜೋರಾಗಿ ನಕ್ರಿ.

ನಾನು: ನಗದೆ ಇನ್ನೇನು? ದಡ್ಡ ಎಸ್‌ಐ, ಎಣ್ಣೆ ಸುರಿಯೋ ಬಾಳೆಹಣ್ಣಿನ ಬಜ್ಜಿ ತಿಂತಾ ತಿಂತಾ ಕಳ್ಳ ಒಡೆದ ಬೀರುನ ಮುಟ್ತಾನೆ. ಆಮೇಲೆ ತನ್ನ ಬೆರಳಚ್ಚನ್ನೇ ಕಳ್ಳನದು ಅಂತ ಲ್ಯಾಬಿಗೆ ಕಳಿಸ್ತಾನೆ. ಅಂಥವನು ಯಾವ ಸ್ಟೇಷನ್ನಲ್ಲೂ ಇರಲ್ಲ. ಇದೊಂದು ನನ್ನ ಸಲಹೆ ಅಲ್ಲ.

ತ್ರೇಸ್ಯ: ಅಲ್ಲ. ನನ್ನದು.

ನಾನು: ಏನಂದೆ?

ತ್ರೇಸ್ಯ: ಆ ನಿರ್ದೇಶಕ ನಮ್ಮನೆಗೆ ಊಟಕ್ಕೆ ಬಂದಾಗ ನೀವು ಮೀನು ತರಕ್ಕೆ ಹೋದ್ರಲ್ಲ. ಪಾಪ, ಸುಮ್ನೆ ಕೂತಿದ್ದ. ಏನಾದ್ರೂ ಮಾತಾಡ್ಬೇಕಲ್ಲ ಅಂತ ಹೇಳ್ದೆ.

ನಾನು: ಹಾಗಾದ್ರೆ ನಾನೇ ಅಂದ್ಕೊಂಡಿದ್ದ ಆ ಕಪ್ಪು ಕನ್ನಡಕದ ಹೀರೋ ಇನ್ಸ್‌ಪೆಕ್ಟರು?

ತ್ರೇಸ್ಯ: ಅವನು ಯಾರೋ ನನಗೆ ಗೊತ್ತಿಲ್ಲ. ಬಜ್ಜಿಯವನು ಮಾತ್ರ ನೀವೇ. ಹೊಟ್ಟೆ ನೋಡಿದ್ರೂ ಗೊತ್ತಾಗ್ಲಿಲ್ವಾ? ಬೆಲ್ಟು ಕೂಡ ನೀವು ಹೇಳ್ಕೊಟ್ಟ ಹಾಗೇ ಕಟ್ಟಿದಾನೆ.

ದೀಪಗಳು ಆರಿದವು. ಇಂಟರ್‌ವಲ್ಲಿನ ನಂತರದ ಭಾಗವನ್ನು ನಾನು ನೋಡಿದ ಹಾಗೆ ಯಾರೂ ನೋಡಿರಲಾರರು. ಜನ ಇನ್ಸ್‌ಪೆಕ್ಟರ್ ಬಂದಾಗಲೆಲ್ಲ ಫೋನು ನೋಡಿಕೊಳ್ಳುತ್ತಿದ್ದರು, ಆ ದಡ್ಡ ಎಸ್‌ಐ ಬಂದಾಗ ಮಾತ್ರ ತಲೆಯೆತ್ತಿ ನಗುತ್ತಿದ್ದರು. ಅವನು ಜೀಪಿನ ಕೀಲಿಯನ್ನು ಜೀಪಿನೊಳಗೇ ಬಿಟ್ಟು ಬಾಗಿಲು ಹಾಕಿದ. ಅದೂ ನನ್ನದೇ. ನಾನು ತ್ರೇಸ್ಯಾಳತ್ತ ತಿರುಗಿದೆ. ಅವಳು ಪರದೆಯನ್ನೇ ನೋಡುತ್ತ, 'ಅವತ್ತು ಮೀನು ತರಕ್ಕೆ ತುಂಬ ಹೊತ್ತು ಮಾಡಿದ್ರಿ' ಎಂದಳು.

ಕೊಲೆಗಾರ ಡಾಕ್ಟರೇ. ಅವನು ಕೊನೆಯಲ್ಲಿ ಹದಿನೈದು ನಿಮಿಷ ನಿಂತು ತಾನು ಹೇಗೆ ಕೊಂದೆ ಎಂದು ವಿವರಿಸಿದ. ಅಷ್ಟು ಹೊತ್ತಿಗೆ ಅರ್ಧ ಜನ ಚಪ್ಪಲಿ ಹುಡುಕುತ್ತಿದ್ದರು. ಆಮೇಲೆ, ಯಾರಿಗೂ ಬೇಡವಾದ ಕೊನೆಯ ದೃಶ್ಯದಲ್ಲಿ, ಆ ದಡ್ಡ ಎಸ್‌ಐ ತಾನು ಸುಮ್ಮನೆ ಹಿಡಿದು ತಂದಿದ್ದ ಕಪ್ಯಾರನ ಮನೆಯಂಗಳಕ್ಕೆ ಹೋಗಿ ಟೋಪಿ ತೆಗೆದು ತಪ್ಪಾಯಿತು ಎಂದ.

ಹೊರಗೆ ಇನ್ನೂ ಬಿಸಿಲಿತ್ತು. ರಸ್ತೆಯಾಚೆಯ ಚಹಾದಂಗಡಿಯಲ್ಲಿ ಮೂವರೂ ನಿಂತೆವು. ಸಲಹೆಗಾರನಾದವನು ಅಭಿಪ್ರಾಯ ಕೇಳಬೇಕಲ್ಲ, ಕೇಳಿದೆ.

ನಾನು: ಹೇಗಿತ್ತು ಚೇಟಾ?

ಲೋನಪ್ಪನ್: ಎಲ್ಲ ನಂಬಿದೆ ಸಾರೇ. ಡಾಕ್ಟ್ರು ಒಂದೇ ಸೂಜೀಲಿ ಮೂರು ಜನರನ್ನ ಕೊಂದ, ನಂಬಿದೆ. ನಾಯಿ ಮೂಸಿ ನೋಡಿ ಬಸ್ಸು ಯಾವುದು ಅಂತ ಕಂಡುಹಿಡೀತು, ಅದನ್ನೂ ನಂಬಿದೆ. ಒಂದು ಮಾತ್ರ ಆಗ್ಲಿಲ್ಲ.

ನಾನು: ಯಾವುದು?

ಲೋನಪ್ಪನ್: ಕೊನೇಲಿ ಆ ಪೊಲೀಸಿನವನು ಕಪ್ಯಾರನ ಮನೆಗೆ ಬಂದು ತಪ್ಪಾಯ್ತು ಅಂತಾನಲ್ಲ, ಅದು. ಹಾಗೆಲ್ಲ ಎಲ್ಲಿ ಆಗುತ್ತೆ ಸಾರೇ?

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಾಯಿಯ ದೃಶ್ಯದ ಬಗ್ಗೆ ಹೇಳಿದಷ್ಟೇ ಸಹಜವಾಗಿ ಹೇಳಿದ್ದರು. ತ್ರೇಸ್ಯ ಲೋಟದೊಳಗೆ ನೋಡುತ್ತಿದ್ದಳು. ಆ ದೃಶ್ಯವೂ ನಾನು ಮೀನು ತರಲು ಹೋದ ಹೊತ್ತಿನದೇ ಎಂದು ನನಗೆ ಆಗ ಹೊಳೆಯಿತು.

ಇಪ್ಪತ್ತಾರು ವರ್ಷ ಪ್ರತಿ ಭಾನುವಾರ ನಾನು ಈ ಮನುಷ್ಯನನ್ನು ಚರ್ಚಿನಲ್ಲಿ ನೋಡಿದ್ದೆ. ಆರೋಗ್ಯ ಕೇಳಿದ್ದೆ, ಅವರ ಮಗಳ ಮದುವೆಯಲ್ಲಿ ಉಂಡಿದ್ದೆ. ಆ ಎರಡು ದಿನಗಳ ಮಾತನ್ನು ಮಾತ್ರ ಇಬ್ಬರೂ ಎತ್ತಿರಲಿಲ್ಲ. ಅವರು ಮರೆತಿದ್ದಾರೆಂದು ನಾನು ನಂಬಿಕೊಂಡಿದ್ದೆ. ತನಿಖೆಯಲ್ಲಿ ನನ್ನ ಕೈ ಎಂಥದೆಂದು ಈಗಾಗಲೇ ನಿಮಗೆ ಗೊತ್ತಾಗಿದೆ.

ನಾನು: ಚೇಟಾ, ಅವತ್ತು ದೊರೆತ ಮಾಹಿತಿಯ ಆಧಾರದ ಮೇಲೆ, ಮೇಲಧಿಕಾರಿಗಳ ಸೂಚನೆಯಂತೆ—

ತ್ರೇಸ್ಯ: ರಿಪೋರ್ಟು ಬರೀತಾ ಇದೀರಾ? ನೆಟ್ಟಗೆ ಬಾಯಿ ಬಿಟ್ಟು ಹೇಳಿ.

ನಾನು: ತಪ್ಪಾಯ್ತು ಚೇಟಾ.

ಲೋನಪ್ಪನ್: ಬಸ್ಸು ಹೋಯ್ತು, ಕೇಳಿಸ್ಲಿಲ್ಲ.

ಯಾವ ಬಸ್ಸೂ ಹೋಗಿರಲಿಲ್ಲ.

ನಾನು: ತಪ್ಪಾಯ್ತು ಅಂದೆ. ಅವತ್ತು ನಿಮ್ಮನ್ನ ಹಿಡ್ಕೊಂಡು ಹೋಗಿದ್ದು ನನ್ನ ತಪ್ಪು. ಇಷ್ಟು ವರ್ಷ ಹೇಳ್ದೆ ಇದ್ದಿದ್ದು ಇನ್ನೂ ದೊಡ್ಡ ತಪ್ಪು.

ಈ ಸಲ ಚಹಾದಂಗಡಿಯವನಿಗೂ ಕೇಳಿಸಿತು. ಅವನು ಸೋಸುತ್ತಿದ್ದ ಚಹಾವನ್ನು ಅಲ್ಲಿಗೇ ನಿಲ್ಲಿಸಿ ನಮ್ಮನ್ನೇ ನೋಡಿದ. ಲೋನಪ್ಪನ್ ಚೇಟ ಲೋಟ ಖಾಲಿ ಮಾಡಿ, ಉಟ್ಟ ಮುಂಡಿನ ತುದಿಯಿಂದ ಬಾಯಿ ಒರೆಸಿಕೊಂಡು, ನನ್ನ ಭುಜದ ಮೇಲೆ ಕೈಯಿಟ್ಟರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಅವರ ಬಾಯಲ್ಲಿ 'ಸಾರೇ' ಬರಲಿಲ್ಲ.

ಲೋನಪ್ಪನ್: ಆ ಎರಡು ದಿನಾನ ಬಿಟ್ಟೆ ಕಣೋ ವರೀದೇ. ಮನಸಾರೆ ಬಿಟ್ಟೆ.

ನಾನು: ದೊಡ್ಡ ಮನಸ್ಸು ಚೇಟಾ.

ಲೋನಪ್ಪನ್: ಆದ್ರೆ ಇವತ್ತು ಕೂರಿಸಿದ್ಯಲ್ಲ ಎರಡೂವರೆ ಗಂಟೆ, ಅದನ್ನ ಮಾತ್ರ ಬಿಡಕ್ಕಾಗಲ್ಲ.