ಕುರಿ ಹತ್ತಿದ ಹೋಟೆಲು

ನಾನು ಕಟ್ಟಡದ ನಕ್ಷೆ ಬರೆಯುವವನು. ಕಾಗದದ ಮೇಲೆ ನನ್ನ ಕಟ್ಟಡಗಳು ಒಂದಕ್ಕಿಂತ ಒಂದು ಚೆಂದ. ನೆಲಕ್ಕಿಳಿದ ಮೇಲೆ ಏನಾದರೊಂದು ಆಗುತ್ತದೆ, ಇಪ್ಪತ್ತು ವರ್ಷದಿಂದ ಆಗುತ್ತಲೇ ಇದೆ. ಆದರೆ ತಮಿಳುನಾಡಿನ ತೊಪ್ಪೂರು ಘಾಟಿನ ಕೆಳಗಿನ ಹೋಟೆಲಿನಲ್ಲಿ ಆದಷ್ಟು ಇನ್ನೆಲ್ಲೂ ಆಗಿಲ್ಲ.

ಹೋಟೆಲಿನ ಯಜಮಾನ ನಮ್ಮ ಕಡೆಯವನೇ, ಕನ್ನಡ ಮಾತಾಡುವ ಮನೆಯವನು. ಸೇಲಂನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಮೆಸ್ ಮುಚ್ಚಿ ಬಂದಿದ್ದ. ಸೊಪ್ಪು, ತರಕಾರಿ, ಬಾಳೆ ಎಲೆ ಎಲ್ಲ ಹೋಟೆಲಿನಲ್ಲೇ ಬೆಳೆಯಬೇಕು, ಕರೆಂಟು ಆದಷ್ಟೂ ಕಡಿಮೆ ಇರಬೇಕು ಅಂದ. ಇದು ನಡೆಯದಿದ್ದರೆ ವಾಪಸ್ ಹೋಗಲು ಅವನಿಗೆ ಜಾಗವಿರಲಿಲ್ಲ. ಸೇಲಂ ತುಂಬ ದೊಡ್ಡ ದೊಡ್ಡ ಆರ್ಕಿಟೆಕ್ಟುಗಳಿರುವಾಗ ನನ್ನ ಹತ್ತಿರವೇ ಯಾಕೆ ಬಂದೆ ಅಂತ ಹೆಮ್ಮೆಯಿಂದ ಕೇಳಿದೆ.

"ನಿಮಗೆ ಕನ್ನಡ ಬರ್ತೈತಲ್ಲ ಸಾರ್," ಅಂದ. "ನಾಳೆ ಬಯ್ಯೋಕೆ ಸುಲಭ."

ಸೂರು

ಸೂರಿನ ಮೇಲೆ ಮಣ್ಣು ಹರವಿ ಸೊಪ್ಪು ಬೆಳೆದರೆ ಒಳಗೆ ತಂಪೂ ಆಯಿತು, ಅಡುಗೆಗೂ ಆಯಿತು ಅನ್ನುವುದು ನನ್ನ ಯೋಚನೆ. ಹಿಂಭಾಗದಲ್ಲಿ ಸೂರನ್ನು ಇಳಿಜಾರಾಗಿ ನೆಲ ಮುಟ್ಟುವವರೆಗೂ ತಂದೆ. ಕಟ್ಟಡ ಗುಡ್ಡದ ಜೊತೆ ಒಂದಾಗಿಬಿಡಬೇಕು ಅಂತ ನಕ್ಷೆಯ ಮೇಲೆ ದಪ್ಪಕ್ಷರದಲ್ಲಿ ಬರೆದೂ ಇದ್ದೆ.

ಹೋಟೆಲು ತೆರೆದ ವಾರದಲ್ಲೇ ಯಜಮಾನನ ಫೋನು ಬಂತು. ದಂಟು, ಹರಿವೆ ಒಂದು ಎಲೆಯೂ ಉಳಿದಿಲ್ಲ, ಇವತ್ತು ಬರೀ ರಸಂ, ಹಪ್ಪಳ ಅಂದ. ಓಡಿಹೋಗಿ ನೋಡಿದರೆ ಸೂರಿನ ಮೇಲೆ ನಲವತ್ತು ಕುರಿ ಮೇಯುತ್ತಿವೆ. ಕೆಳಗೆ ಕುರಿ ಕಾಯುವ ಮುದುಕರೊಬ್ಬರು ಕೋಲು ಊರಿಕೊಂಡು ನಿಂತಿದ್ದರು. ಅದು ಹೋಟೆಲಿನ ಸೂರು ಅಂತ ಹೇಳಿದೆ. ಅವರಿಗೆ ನಿಜಕ್ಕೂ ಬೇಜಾರಾಯಿತು.

"ತಪ್ಪಾಯ್ತು ಕಣಪ್ಪ. ಗುಡ್ಡ ಅಂದ್ಕೊಂಡೆ."

ನನ್ನ ನಕ್ಷೆಯನ್ನು ಅಷ್ಟು ಸರಿಯಾಗಿ ಅರ್ಥಮಾಡಿಕೊಂಡವರು ಇನ್ನೊಬ್ಬರು ಸಿಕ್ಕಿಲ್ಲ.

ಗಾಳಿ

ಊಟದ ಹಾಲಿಗೆ ಒಂದೂ ಫ್ಯಾನು ಬೇಡ ಅಂದಿದ್ದೆ. ಘಾಟಿನ ಗಾಳಿಯನ್ನು ಒಂದು ಕಡೆಯಿಂದ ಒಳಗೆ ತಂದು ಇನ್ನೊಂದು ಕಡೆಯಿಂದ ಬಿಡುವ ಹಾಗೆ ಗೋಡೆ ಕಟ್ಟಿಸಿದ್ದೆ. ಆಡಿ ತಿಂಗಳು, ಅಂದರೆ ನಮ್ಮ ಆಷಾಢ, ಬಂತು. ಗಾಳಿ ನಾನು ಹೇಳಿದ ದಾರಿಯಲ್ಲೇ ಬಂತು, ಆದರೆ ಹೋಗುವಾಗ ಬಾಳೆ ಎಲೆಗಳನ್ನೂ ಕರೆದುಕೊಂಡು ಹೋಯಿತು. ಬಿಳಿ ಪಂಚೆಯವರೊಬ್ಬರ ಪೊರಿಯಲ್ ಪಲ್ಯ ಮೂರು ಮೇಜು ದಾಟಿ ಅವರ ಬೀಗರ ತೊಡೆಯ ಮೇಲೆ ಕೂತಿತು. ಗಿರಾಕಿಗಳು ಎಡ ಮೊಣಕೈಯಲ್ಲಿ ಎಲೆ ಒತ್ತಿ ಹಿಡಿದುಕೊಂಡು ಉಣ್ಣತೊಡಗಿದರು.

ಗೋಡೆ ಒಡೆಸೋಣ ಅಂತ ನಾನು ತಲೆತಗ್ಗಿಸಿಕೊಂಡು ಹೋದರೆ, ಯಜಮಾನ ಆಗಲೇ ಹೊಳೆಯಿಂದ ಒಂದು ಮೂಟೆ ನುಣ್ಣಗಿನ ಕಲ್ಲು ತರಿಸಿ ಒಂದೊಂದು ಎಲೆಯ ತುದಿಗೂ ಒಂದೊಂದು ಇಟ್ಟಿದ್ದ. ಯಾಕೆ ಅಂತ ಸೇಲಂನವರು ಯಾರೋ ಕೇಳಿದ್ದಕ್ಕೆ, ನಮ್ಮ ಹಿರಿಯರ ಕಾಲದ ಪದ್ಧತಿ ಅಂದುಬಿಟ್ಟನಂತೆ. ಅವರು ಫೋಟೋ ತೆಗೆದು ಎಲ್ಲರಿಗೂ ಕಳಿಸಿದರು. ಭಾನುವಾರಗಳಲ್ಲಿ ಕೂರಲು ಜಾಗವಿಲ್ಲದ ಹಾಗಾಯಿತು.

ಈಗ ಧರ್ಮಪುರಿಯಲ್ಲಿ ಇನ್ನೆರಡು ಹೋಟೆಲಿನವರು, ಕಿಟಕಿ ಮುಚ್ಚಿದ ಏಸಿ ರೂಮಿನಲ್ಲಿ, ಎಲೆಗೆ ಕಲ್ಲು ಇಡುತ್ತಿದ್ದಾರೆ.

ಕೂಂಡು

ಜನ ಸೇರುವುದು ಕೇಳಿ ಒಂದು ಆರ್ಕಿಟೆಕ್ಚರ್ ಕಾಲೇಜಿನ ಪ್ರೊಫೆಸರು ತಮ್ಮ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕರೆತಂದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಊಟದ ಹಾಲು, ಸೂರು, ಕೈತೊಳೆದ ನೀರು ಬಾಳೆಗೆ ಹರಿಯುವ ಕಾಲುವೆ, ಎಲ್ಲ ತೋರಿಸಿದೆ. ಹುಡುಗರು ಆಕಳಿಸಿದರು.

ಹಿತ್ತಿಲಿಗೆ ಬಂದಾಗ ಪ್ರೊಫೆಸರು ಗಕ್ಕನೆ ನಿಂತರು. ಅಲ್ಲೊಂದು ಕೋಳಿಗೂಡು ಇತ್ತು. ಯಜಮಾನನ ತಾಯಿ ಬಿದಿರು, ತೆಂಗಿನ ಗರಿ ಸೇರಿಸಿ ಕಟ್ಟಿದ್ದು. ಆ ಅಜ್ಜಿ ನನ್ನ ಹತ್ತಿರ ಕನ್ನಡ ಬಿಟ್ಟು ಬೇರೆ ಮಾತಾಡಿದ್ದೇ ಇಲ್ಲ. ಗೂಡು ಒಂದು ಕಡೆಗೆ ವಾಲಿಕೊಂಡು, ಮೇಲೆ ಸಂದು ಬಿಟ್ಟುಕೊಂಡು ನಿಂತಿತ್ತು. ಆಹಾ, ಎಂಥ ಸರಳತೆ, ಇದೂ ನಿಮ್ಮದೇನಾ ಅಂತ ಪ್ರೊಫೆಸರು ತಮಿಳಿನಲ್ಲಿ ಕೇಳಿದರು.

ಅಲ್ಲ ಅನ್ನಬೇಕಿತ್ತು. ಆದರೆ ಬೆಳಗಿಂದ ಯಾರೂ ಆಹಾ ಅಂದಿರಲಿಲ್ಲ. ಹೌದು ಅಂದೆ.

ಆಮೇಲೆ ನಿಲ್ಲಿಸಲು ಆಗಲಿಲ್ಲ. ವಾಲಿಸಿದ್ದು ಗಾಳಿಯ ದಿಕ್ಕು ನೋಡಿ ಅಂದೆ, ಸಂದು ಬಿಟ್ಟಿದ್ದು ಬಿಸಿ ಗಾಳಿ ಹೋಗಲಿ ಅಂತ ಅಂದೆ. ಹುಡುಗರು ಎದ್ದುಬಿದ್ದು ಬರೆದುಕೊಂಡರು. ಅಷ್ಟರಲ್ಲಿ ಅಜ್ಜಿ ಮೊರದಲ್ಲಿ ನುಚ್ಚು ಹಿಡಿದು ಬಂದು ನನ್ನ ಹಿಂದೆ ನಿಂತಿದ್ದು ನನಗೆ ಗೊತ್ತಾಗಲಿಲ್ಲ.

"ಏನಪ್ಪ ಯೋಳ್ತಿದ್ದೀಯ? ಒಂದು ಗಳ ಗಿಡ್ಡ ಆಯ್ತು, ಅದ್ಕೇ ವಾಲ್ಕಂಡೈತೆ. ಗರಿ ಸಾಲ್ನಿಲ್ಲ, ಅದ್ಕೇ ಸಂದು."

ಅಮ್ಮ ಏನಂತಾರೆ ಅಂತ ಪ್ರೊಫೆಸರು ಕೇಳಿದರು. ಒಳಗೆ ತುಂಬ ತಂಪಾಗಿದೆ ಅಂತಿದ್ದಾರೆ ಅಂತ ತಮಿಳಿನಲ್ಲಿ ಹೇಳಿದೆ.

ಅಜ್ಜಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಪ್ರೊಫೆಸರ ಕಡೆ ತಿರುಗಿ, ನನ್ನದಕ್ಕಿಂತ ಚೊಕ್ಕವಾದ ತಮಿಳಿನಲ್ಲಿ, ನಿಧಾನವಾಗಿ ಹೇಳಿದರು: "ಇದು ಕೋಳಿ ಕೂಂಡು, ತಂಬಿ. ನಾನ್‌ದಾನ್ ಕಟ್ಟಿನೇನ್."

ಗೂಡು ಕಟ್ಟಿದ ಅಜ್ಜಿಗೆ ಪ್ರೊಫೆಸರು ಕೈ ಮುಗಿದರು. ಹುಡುಗರು ಅಳತೆ ಟೇಪು ತೆಗೆದುಕೊಂಡು ಅಜ್ಜಿಯ ಹಿಂದೆ ಹೋದರು. ನಾನೂ ಹೋದೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕಲ್ಲ.