ಎಲ್ಲರಿಗೂ ದುಡ್ಡು ಬಂದರೆ ಕಾಫಿ ಮಾಡೋರು ಯಾರು?

ಜನರ ಅಭಿಪ್ರಾಯ ಕೇಳಲು ಹೊರಟವನಿಗೆ ಅಭಿಪ್ರಾಯವೊಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ: ಬುದ್ಧಿವಾದ, ಬಾಳೆಹಣ್ಣು, ಮದುವೆ ಯಾವಾಗ ಎಂಬ ವಿಚಾರಣೆ.

ತೊಂಬತ್ತರ ದಶಕದಲ್ಲಿ ನಾನು ಮೈಸೂರಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದಾಗ ಮೇಷ್ಟ್ರು ಒಂದು ಪ್ರಶ್ನೆ ಕೊಟ್ಟು ನನ್ನನ್ನು ಊರ ಮೇಲೆ ಬಿಟ್ಟರು. ಬಡವ, ಶ್ರೀಮಂತ ಎನ್ನದೆ, ಕೆಲಸ ಮಾಡಲಿ ಬಿಡಲಿ, ಸರ್ಕಾರ ಎಲ್ಲರಿಗೂ ಪ್ರತಿ ತಿಂಗಳು ಒಂದಿಷ್ಟು ದುಡ್ಡು ಕೊಟ್ಟರೆ ಒಪ್ಪುತ್ತೀರಾ? ಮೇಷ್ಟ್ರಿಗೆ ಈ ವಿಚಾರವೆಂದರೆ ಪ್ರಾಣ. "ಒಪ್ಪಿದವರು ಒಬ್ಬರಾದ್ರೂ ಸಿಗಬೇಕಯ್ಯ. ಇಲ್ಲದಿದ್ರೆ ಪ್ರಬಂಧಕ್ಕೆ ಬೇರೆ ವಿಷಯ ನೋಡ್ಕೋ" ಎಂದುಬಿಟ್ಟರು. ಪರೀಕ್ಷೆ ತಲೆಯ ಮೇಲೆ ಬಂದಿತ್ತು. ನನಗೆ ನಿಜವಾಗಿಯೂ ಭಯವಾಯಿತು.

ದಿಂಬಿಗೆ ಒರಗಿದವರು

ಮೊದಲು ಹೋದದ್ದು ಲಷ್ಕರ್ ಮೊಹಲ್ಲಾದ ಬಟ್ಟೆ ಅಂಗಡಿಗೆ. ಯಜಮಾನರು ಹಣೆತುಂಬ ವಿಭೂತಿ ಧರಿಸಿ, ಗಾದಿಯ ಮೇಲೆ ದಿಂಬಿಗೆ ಒರಗಿದ್ದರು. ಪ್ರಶ್ನೆ ಕೇಳಿ ಕಣ್ಣು ಅರ್ಧ ತೆರೆದರು.

"ಕೂತಲ್ಲೇ ದುಡ್ಡು ಬಂದ್ರೆ ಜನ ಸೋಮಾರಿಗಳಾಗ್ತಾರೆ ಕಣ್ರೀ."

"ತಮಗೆ ಮೂರು ಮನೆ ಬಾಡಿಗೆ ಬರುತ್ತಂತಲ್ಲ?"

"ಬರುತ್ತೆ. ಅದಕ್ಕೇ ಹೇಳಿದ್ದು, ನನಗೆ ಅನುಭವ ಇದೆ" ಎಂದು ಕಣ್ಣು ಮುಚ್ಚಿಕೊಂಡರು.

ದಾಯಾದಿ

ಮಂಡಕಳ್ಳಿಯಿಂದ ಸೈಕಲ್ಲಿನಲ್ಲಿ ಸೊಪ್ಪು ತರುತ್ತಿದ್ದ ರೈತರನ್ನು ಕೇಳಿದೆ. ಅವರ ಮುಖ ಅರಳಿತು. ಕೊನೆಗೂ ಒಬ್ಬರು ಸಿಕ್ಕರು ಎಂದು ನಾನೂ ಅರಳಿದೆ.

"ಒಳ್ಳೇದೇ ಅಲ್ವಾ ಸ್ವಾಮಿ! ನಮ್ ದೊಡ್ಡಪ್ಪನ್ ಮಗಂಗೂ ಕೊಟ್ಟಾರಾ?"

"ಎಲ್ಲರಿಗೂ ಕೊಡ್ತಾರೆ."

"ನನ್ಗಿಂತ ಎಷ್ಟು ಕಮ್ಮಿ?"

"ಇಬ್ಬರಿಗೂ ಸಮ."

ಸೊಪ್ಪಿನ ಕಟ್ಟುಗಳಿಗೆಲ್ಲ ನೀರು ಚಿಮುಕಿಸಿದರು. "ಇಬ್ರಿಗೂ ಬ್ಯಾಡ ಬುಡಿ ಸ್ವಾಮಿ. ಅಂಗಾದ್ರೂ ಸಮಾನೇ ಆಯ್ತದಲ್ಲಾ."

ನಮ್ಮ ಮನೆ

ಸೋತು ಕೃಷ್ಣಮೂರ್ತಿಪುರಂನ ನಮ್ಮ ಮನೆಗೆ ಬಂದೆ. ನನ್ನ ಪ್ರಶ್ನೆ ಅಷ್ಟರಲ್ಲಿ ಮನೆಯವರಿಗೆಲ್ಲ ಗೊತ್ತಾಗಿತ್ತು. ಜಗುಲಿಯ ಆರಾಮಕುರ್ಚಿಯಲ್ಲಿದ್ದ ಪಿಂಚಣಿದಾರ ಅಪ್ಪ ನಾನು ಕೇಳದೆಯೇ ತೀರ್ಪು ಕೊಟ್ಟರು. "ದುಡ್ಡು ಕೊಟ್ಟ ದಿನವೇ ಜನ ಕೆಲಸ ನಿಲ್ಲಿಸ್ತಾರೆ, ಬರ್ಕೋ. ಲೇ, ಇನ್ನೊಂದು ಲೋಟ ಕಾಫಿ!"

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ತರಕಾರಿಗೂ ಅಪ್ಪನ ಮುಂದೆ ಕೈಯೊಡ್ಡಿ ಅವಳಿಗೆ ಸಾಕಾಗಿತ್ತು.

"ಎಲ್ಲರಿಗೂ ಅಂದ್ರೆ ನನಗೂನೇನೋ?"

"ನಿನಗೂ ಕಣಮ್ಮ."

"ನನ್ನ ಕೈಗೇ?"

"ನಿನ್ನ ಕೈಗೇ."

ಅಮ್ಮ ಒಳಗೆ ಹೋಗಿ ಒಲೆ ಆರಿಸಿ ಬಂದು ಜಗುಲಿಯಲ್ಲಿ ಕಾಲು ಚಾಚಿ ಕೂತಳು. "ನಾನು ಒಪ್ಪಿದೆ. ಬರ್ಕೊಳೋ."

ನನ್ನ ಪ್ರಬಂಧ ಉಳಿಯಿತು. ಕುಣಿಯುವುದೊಂದು ಬಾಕಿ.

"ನೋಡಿದ್ಯಾ!" ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ದುಡ್ಡು ಬರೋಕ್ಕೆ ಮುಂಚೇನೇ ನಿಲ್ಲಿಸಿಬಿಟ್ಳು!"

"ಇಷ್ಟು ವರ್ಷ ಯಾವ ದುಡ್ಡಿಗೆ ಮಾಡ್ದೆ, ಅದನ್ನೂ ಹೇಳಿ" ಎಂದಳು ಅಮ್ಮ.

ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡರು. ಅಡುಗೆಮನೆಗೆ ಹೋದರು. ಡಬ್ಬಿಗಳು ಒಂದೊಂದಾಗಿ ಬಿದ್ದವು, ಹಾಲು ಉಕ್ಕಿತು. ಕೊನೆಗೆ ಲೋಟ ತಂದು ಅಮ್ಮನ ಮುಂದಿಟ್ಟರು. ಅವಳು ಮುಖ ಕಿವುಚಿದರೂ ಒಂದು ತೊಟ್ಟು ಬಿಡದೆ ಕುಡಿದಳು. ಅವಳ ಅಷ್ಟು ಸಂತೋಷದ ಮುಖವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಸುಟ್ಟ ಬೆರಳನ್ನು ಊದಿಕೊಳ್ಳುತ್ತಾ ಅಪ್ಪ ಹೇಳಿದರು: "ನಂದೂ ಒಪ್ಪಿಗೆ ಅಂತ ಬರ್ಕೋ. ನನಗೂ ಬರುತ್ತಲ್ಲ, ಆ ದುಡ್ಡಲ್ಲಿ ಒಬ್ಬರು ಅಡುಗೆಯವರನ್ನ ಇಟ್ಕೊತೀನಿ."

ಅಮ್ಮ ಲೋಟ ಕೆಳಗಿಟ್ಟಳು.

"ಅವರಿಗೂ ಬರುತ್ತೆ ಕಣ್ರೀ!"