ಅಕ್ಕನ ನೀಲಿ ಹಗ್ಗ

ಧೈರ್ಯ ಜಮೀನಿನ ಹಾಗೆ ಒಡಹುಟ್ಟಿದವರಲ್ಲಿ ಸಮನಾಗಿ ಪಾಲಾಗುವುದಿಲ್ಲ. ನಮ್ಮ ಮನೆಯಲ್ಲಿ ಅದಷ್ಟೂ ಅಕ್ಕನ ಪಾಲಿಗೆ ಹೋಯಿತು. ಶಿಕಾರಿಪುರದ ನಮ್ಮ ಮನೆಯಲ್ಲಿ ನಾನು ಅಟ್ಟದ ಏಣಿ ಹತ್ತಬೇಕೆಂದರೂ ಕೆಳಗೆ ಹೆಂಡತಿ ಹಿಡಿದುಕೊಂಡಿರಬೇಕು. ಅಕ್ಕ ಭೌತಶಾಸ್ತ್ರ ಓದಿದವಳು. ಯಾವ ಸಂಶೋಧನೆ ದೇಶಕ್ಕೆ ಬೇಕು, ಯಾವುದು ಬೇಡ ಎಂದು ದೆಹಲಿಯಲ್ಲಿ ಸರ್ಕಾರಕ್ಕೆ ಸಲಹೆ ಕೊಡುವುದು ಅವಳ ಕೆಲಸ. ರಜೆ ಸಿಕ್ಕರೆ ಹಿಮಾಲಯ ಹತ್ತುವುದು ಅವಳ ಚಟ. ಹತ್ತನೆಯ ತರಗತಿಗೇ ಓದಿಗೆ ಕೈಮುಗಿದ ನನಗೆ ಎರಡೂ ಅರ್ಥವಾಗಿರಲಿಲ್ಲ. "ಒಂದು ವರದಿ ಬರೆಯೋಕೆ ಇಷ್ಟು ದಿನ ಬೇಕೇನೇ?" ಎಂದರೆ, "ಖಚಿತವಾಗಿ ಗೊತ್ತಿಲ್ಲದ್ದನ್ನ ಹೆಂಗೆ ಬರೀಲೋ?" ಎನ್ನುತ್ತಿದ್ದಳು. ಬೆಟ್ಟದಲ್ಲಿ ಅವಳಿಗೆ ಏನಾದರೂ ಆದೀತೆಂದು ನಾನು ವರ್ಷಾನುಗಟ್ಟಲೆ ಹೆದರಿದೆ. ಅವಳು ಹೋದದ್ದು ಆಸ್ಪತ್ರೆಯ ಮಂಚದಲ್ಲಿ, ಜ್ವರ ಬಂದು. ನನ್ನ ಹೆದರಿಕೆಯೆಲ್ಲ ತಪ್ಪು ವಿಳಾಸಕ್ಕೆ ಹೋಗಿತ್ತು.

ಅವಳ ಸಾಮಾನು ನಾಲ್ಕು ಪೆಟ್ಟಿಗೆಗಳಲ್ಲಿ ನಮ್ಮ ಮನೆಗೆ ಬಂತು. ತಿಥಿಗೆ ಬಂದಿದ್ದ ಸೊರಬದ ಹಾಲೇಶಪ್ಪ ಭಾವ, ಎಂದರೆ ನನ್ನ ಹೆಂಡತಿಯ ಅಣ್ಣ, ಅದರಲ್ಲಿದ್ದ, ಬೆಟ್ಟ ಹತ್ತುವ ನೀಲಿ ಹಗ್ಗವನ್ನು ಎಳೆದೆಳೆದು ನೋಡಿ, "ಬಾವಿಗಿಳಿದು ಹೂಳು ತೆಗೀಬೇಕಿತ್ತು. ಇದು ಸಿಕ್ಕರೆ ಚೆನ್ನಾಗಿತ್ತು" ಎಂದರು. ಅಕ್ಕನ ವಸ್ತು ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂದು ಕೊಟ್ಟೆ. ಹಗ್ಗ ಎಲ್ಲೂ ಸವೆದಿರಲಿಲ್ಲ, ಹೊಸದರಂತೆ ಹೊಳೆಯುತ್ತಿತ್ತು. ಕೆಲವು ದಿನ ಬಿಟ್ಟು, ಒಂದು ಬೆಳಿಗ್ಗೆ ಪೆಟ್ಟಿಗೆಯಲ್ಲಿದ್ದ ಅವಳ ನೋಟ್‌ಬುಕ್ ತೆರೆದೆ. ಪಹಣಿಯಲ್ಲಿ ಒಂದೊಂದು ಸರ್ವೆ ನಂಬರಿಗೂ ಬರೆದಂತೆ ಅವಳು ಒಂದೊಂದು ಹಗ್ಗದ ಕಥೆಯನ್ನೂ ಬರೆದಿಟ್ಟಿದ್ದಳು. "ನೀಲಿ: ಮೇಲಿನಿಂದ ಬಿದ್ದವರೊಬ್ಬರನ್ನು ತಡೆದಿದೆ. ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಎಳೆ ಹರಿದಿದೆಯೋ ಇಲ್ಲವೋ ಗೊತ್ತಿಲ್ಲ. ಇನ್ನು ಯಾರೂ ಬಳಸಬಾರದು. ಕತ್ತರಿಸಬೇಕು." ಕತ್ತರಿಸುವಷ್ಟರಲ್ಲಿ ಅವಳಿಗೆ ಜ್ವರ ಬಂದಿತ್ತು.

ಭಾವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. "ಅಣ್ಣ ಇವತ್ತೇ ಬಾವಿಗೆ ಇಳೀತೀನಿ ಅಂದಿದ್ದ" ಎಂದಳು ಹೆಂಡತಿ. ಚಪ್ಪಲಿ ಮೆಟ್ಟಿದವನೇ ಸೊರಬದ ಬಸ್ಸು ಹತ್ತಿದೆ. ಶಿರಾಳಕೊಪ್ಪದಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಇಳಿದು ಓಡಿಬಿಡಲೇ ಎನಿಸಿತು. ಏಣಿ ಹತ್ತಲಾರದವನು ಬಸ್ಸನ್ನು ಹಿಂದೆ ಹಾಕುವ ಯೋಚನೆ! ನನ್ನ ಮುಖ ನೋಡಿ ಕಂಡಕ್ಟರ್, "ಯಾಕ್ರೀ, ಆರಾಮಿಲ್ವಾ?" ಎಂದ. ನನ್ನ ಬಾಯಿಂದ "ಹಗ್ಗ" ಎಂಬುದೊಂದೇ ಮಾತು ಬಂತು. ಆತ ಪಕ್ಕದಲ್ಲಿದ್ದವರ ಕಡೆ ಬಗ್ಗಿ, "ಇವರನ್ನ ಸ್ವಲ್ಪ ನೋಡ್ಕೊಳ್ರೀ" ಎಂದ.

ಸೊರಬದಲ್ಲಿ ಇಳಿದು ಭಾವನ ತೋಟಕ್ಕೆ ಓಡಿದೆ. ಬಾವಿಯ ಕಟ್ಟೆಯ ಮೇಲೆ ಅವರ ಅಂಗಿ ಇತ್ತು, ಅದರ ಜೇಬಿನಲ್ಲಿ ಫೋನು. ಹಲಸಿನ ಮರಕ್ಕೆ ಕಟ್ಟಿದ ನೀಲಿ ಹಗ್ಗ ಬಾವಿಯೊಳಗೆ ಇಳಿದಿತ್ತು. ಕೂಗಿ ಬೆಚ್ಚಿಬೀಳಿಸಬಾರದೆಂದು ಬಗ್ಗಿ ಮೆಲ್ಲಗೆ, "ಭಾವಾ, ಆರಾಮಾ?" ಎಂದೆ.

"ಬಾವೀಲಿ ನಿಂತೋನ್ನ ಆರಾಮಾ ಅಂತ ಕೇಳ್ತೀಯಲ್ಲೋ ಮಾರಾಯ! ತಡಿ, ಹತ್ತಿ ಬರ್ತೀನಿ."

"ಹತ್ತಬ್ಯಾಡ್ರಿ!" ಎಂದು ಕಿರುಚಿದೆ. ಕಟ್ಟೆಯ ಪಕ್ಕದಲ್ಲಿ ಬಿದ್ದಿದ್ದ ಅವರದೇ ನಾರಿನ ಹಗ್ಗವನ್ನು ಮರಕ್ಕೆ ಬಿಗಿದು ಒಳಗೆ ಬಿಟ್ಟೆ. "ಇದನ್ನೂ ಸೊಂಟಕ್ಕೆ ಕಟ್ಕೊಳ್ರಿ."

"ಎರಡೆರಡು ಯಾಕೋ? ನಾನೇನು ಎಮ್ಮೆನಾ?"

"ಕಟ್ಕೊಳ್ರಿ ಭಾವಾ. ಅಕ್ಕ ಹೇಳ್ಯಾಳೆ."

ಕೆಳಗೆ ನೀರಿನ ಸದ್ದು ನಿಂತಿತು. "ಅಕ್ಕಾರು ಯಾವಾಗ ಹೇಳಿದ್ರೋ?"

"ಇವತ್ತು ಬೆಳಿಗ್ಗೆ."

ಭಾವ ಅದನ್ನೂ ಸೊಂಟಕ್ಕೆ ಕಟ್ಟಿಕೊಂಡರು. ಅವರು ಕಲ್ಲಿನ ಸಂದುಗಳಲ್ಲಿ ಕಾಲಿಡುತ್ತ ಹತ್ತಿದರು, ನಾನು ನಾರಿನ ಹಗ್ಗ ಎಳೆದೆ. ಅವರು ಮೇಲೆ ಬಂದು ಕೂತಾಗ ನನ್ನ ಅಂಗೈ ಸುಲಿದಿತ್ತು. ನೋಟ್‌ಬುಕ್ಕಿನ ವಿಷಯ ಹೇಳಿದೆ. ಅವರು ಎದ್ದುಹೋಗಿ ಕುಡುಗೋಲು ತಂದು, "ಅಕ್ಕಾರು ಹೇಳಿದ್ರಲ್ಲ, ಕತ್ತರಿಸಿಬಿಡು" ಎಂದು ನನ್ನ ಕೈಗೆ ಕೊಟ್ಟರು.

ಕುಡುಗೋಲನ್ನು ಹಗ್ಗದ ಮೇಲಿಟ್ಟೆ, ತೆಗೆದೆ, ಮತ್ತೆ ಇಟ್ಟೆ. ಕೊನೆಗೆ, "ಆತುರ ಬ್ಯಾಡ ಭಾವಾ, ಇನ್ನೊಂದ್ಸಲ ಸರಿಯಾಗಿ ನೋಡಬೇಕು" ಎಂದು ಹಗ್ಗ ಸುತ್ತಿಕೊಂಡು ಬಸ್ಸು ಹತ್ತಿದೆ. ಅದೀಗ ನನ್ನ ಮಂಚದ ಕೆಳಗಿದೆ. ಕಸ ಗುಡಿಸುವಾಗೆಲ್ಲ ಹೆಂಡತಿ, "ಇದನ್ನ ಯಾವಾಗ ಕತ್ತರಿಸ್ತೀರಿ?" ಎಂದು ಕೇಳುತ್ತಾಳೆ. ಪರಿಶೀಲನೆಯಲ್ಲಿದೆ ಎನ್ನುತ್ತೇನೆ.